ಬಟ್ಟೆಗೆ ಪರೀಕ್ಷೆ ಇಡುತ್ತಿದ್ದ ಅಕ್ಕೋರು

ಹೋದ ತಿಂಗಳು ಬಾಗಲಕೋಟೆಯಿಂದ ಫೋನ್ ಬಂತು. ನಮ್ಮ ಅಕ್ಕೋರು ತೀರಿಕೊಂಡಿದ್ದರು. ಬೆಳಗಿನ ಚಹಾ ಕುಡಿದು, ಅಂಗಳದಲ್ಲಿ ಚಾಪೆ ಹಾಸಿಕೊಂಡು ಕೂತವರು ಹಾಗೇ ಪಕ್ಕಕ್ಕೆ ಒರಗಿದರಂತೆ. ಫೋನ್ ಮಾಡಿದವರು ಅವರ ತಮ್ಮ. ಇಂಥ ಹೊತ್ತಿನಲ್ಲಿ ಕೇಳಬೇಕಾದ ಮಾತು ಒಂದೂ ನನಗೆ ಹೊಳೆಯಲಿಲ್ಲ. "ಏನ್ ಹಾಕ್ಕೊಂಡಿದ್ರುರಿ?" ಅಂದುಬಿಟ್ಟೆ.

ಅವರಿಗೆ ಈ ಪ್ರಶ್ನೆ ವಿಚಿತ್ರ ಅನಿಸಲಿಲ್ಲ. "ಅದರೀ, ಬಿಳೀ ಪೈಜಾಮ, ಜುಬ್ಬಾ. ನೆತ್ತಿ ಮ್ಯಾಲ ತುರುಬು ಕಟ್ಟಿದ್ಲು," ಅಂದರು.

ಅಕ್ಕೋರು ಅಂದರೆ ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಗಳು. ಇವರು ಹೈದರಾಬಾದಿನ ಒಂದು ಹುಡುಗಿಯರ ಶಾಲೆಯಲ್ಲಿ ಕವಾಯತು, ಆಟ ಕಲಿಸಿ ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ. ಅವರ ತಮ್ಮ ನನ್ನ ಗಂಡ ಕೆಲಸ ಮಾಡುವ ಕಾರ್ಖಾನೆಯಲ್ಲೇ ಇದ್ದುದರಿಂದ ನಾಚಾರಂ ಕಡೆಗಿದ್ದ ನಮ್ಮ ಕಾಲೊನಿಯಲ್ಲೇ, ನಮ್ಮ ಕೆಳಗಿನ ಮನೆಯಲ್ಲೇ ಇದ್ದರು. ನಾವು ಗದಗಿನವರು, ಅವರು ಬಾಗಲಕೋಟೆಯವರು. ಮೆಟ್ಟಿಲ ಮೇಲೆ ಎದುರಾದಾಗ ಕನ್ನಡದಲ್ಲಿ ಎರಡು ಮಾತಾಡಿದರೆ ಬಾಯಿಗೆ ಊರಿನ ನೀರು ಬಿದ್ದಂತಾಗುತ್ತಿತ್ತು.

ನಾನು ಅವರನ್ನು ಮೊದಲು ಕಂಡದ್ದೇ ತಲೆಕೆಳಗಾಗಿ. ನಾವು ಕಾಲೊನಿಗೆ ಬಂದ ಹೊಸತು. ಬೆಳಿಗ್ಗೆ ಬಾಲ್ಕನಿಗೆ ಬಂದರೆ ಕೆಳಗೆ ಬೇವಿನ ಮರದಡಿ ಬಿಳಿ ಬಟ್ಟೆಯ ಹೆಂಗಸೊಬ್ಬರು ಶೀರ್ಷಾಸನದಲ್ಲಿ ನಿಂತಿದ್ದರು. ಅರವತ್ತು ದಾಟಿದ ದೇಹ, ನೆಟ್ಟ ಕಂಬದ ಹಾಗೆ. ನನಗೆ ಮೊದಲು ಬಂದ ಯೋಚನೆ ಮಾತ್ರ ಬೇರೆ: ಪೈಜಾಮದ ಕಾಲು ಮೊಳಕಾಲಿಗೆ ಜಾರಬೇಕಿತ್ತಲ್ಲ, ಯಾಕೆ ಜಾರಿಲ್ಲ? ಕಣ್ಣಿಟ್ಟು ನೋಡಿದೆ. ಕಣಕಾಲಿನ ಹತ್ತಿರ ಪೈಜಾಮಕ್ಕೆ ಸಣ್ಣ ಲಾಡಿ ಹೊಲಿಸಿ ಕಟ್ಟಿಕೊಂಡಿದ್ದರು. ಜುಬ್ಬಾದ ಅಂಚನ್ನು ಸೊಂಟದ ಒಳಗೆ ಸಿಕ್ಕಿಸಿದ್ದರು. ಮೈಯ ಒಂದಂಗುಲವೂ ಅವರಿಗೆ ತಿಳಿಯದೆ ಹೊರಗೆ ಬರುವ ಹಾಗಿರಲಿಲ್ಲ. ಮುಖದಲ್ಲಿ ಎಂಥ ನೆಮ್ಮದಿ ಇತ್ತೆಂದರೆ, ಅದಕ್ಕೆ ಅರ್ಧ ಕಾರಣ ಆ ಲಾಡಿಗಳೇ ಎಂದು ಅವತ್ತೇ ನನಗೆ ಅನಿಸಿತ್ತು.

ಕಾಲೊನಿಯ ಸಮುದಾಯ ಭವನದಲ್ಲಿ ಬೆಳಿಗ್ಗೆ ಹೆಂಗಸರಿಗೆ ಯೋಗ ಹೇಳಿಕೊಡುತ್ತಿದ್ದರು. ಹೊಸಬರು ಬಂದರೆ ಆಸನದ ಮಾತು ಆಮೇಲೆ, ಮೊದಲು ಬಟ್ಟೆಯ ಮಾತು. "ಬಟ್ಟಿ ನೆನಪಾತಂದ್ರ ಆಸನ ಹೋತು ನೋಡ್ರಿ," ಅನ್ನುತ್ತಿದ್ದರು. ಲಾಡಿಯ ಗಂಟು ಹೊಟ್ಟೆಯ ನಡುವೆ ಬಂದರೆ ಬೋರಲು ಮಲಗಿದಾಗ ಒತ್ತುತ್ತದೆ, ಪಕ್ಕಕ್ಕೆ ಕಟ್ಟಬೇಕು. ಎಲಾಸ್ಟಿಕ್ ಇದ್ದರೆ ಉಸಿರು ತುಂಬಿಕೊಂಡಾಗ ಎರಡು ಬೆರಳು ಸಲೀಸಾಗಿ ಒಳಗೆ ಹೋಗಬೇಕು. ನೈಲಾನಿನ ತೋಳಿನ ಮೇಲೆ ಬೆವರಿದ ಕೈ ಜಾರುತ್ತದೆ. ತುರುಬು ಹಿಂದೆ ಇದ್ದರೆ ಅಂಗಾತ ಮಲಗಿದಾಗ ತಲೆ ಹೊರಳುತ್ತದೆ, ಅದಕ್ಕೇ ನೆತ್ತಿಯ ಮೇಲೆ. ಶಾಲೆಯವರ ಒತ್ತಾಯಕ್ಕೆ ಕೆಲಸ ಬಿಡುವ ತನಕ ಸೀರೆಯಲ್ಲೇ ಕವಾಯತು ಮಾಡಿಸಿದವರು ಅವರು. ನೆರಿಗೆಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಸೀಟಿ ಊದಿ ಸಾಕಾಗಿಹೋಗಿತ್ತಂತೆ. "ಒಂದ ಕೈ ಬಟ್ಟಿ ಕಾಯಾಕ ಹೋದ್ರ, ಕಲಸಾಕ ಎಷ್ಟ ಕೈ ಉಳದ್ವುರಿ?"

ಹಾಗಂತ ಇಂಥದ್ದೇ ಬಟ್ಟೆ ಎಂಬ ಹಟ ಅವರಿಗಿರಲಿಲ್ಲ. ಬೆಂಗಳೂರಿನಿಂದ ಬಂದ ಹುಡುಗಿಯೊಬ್ಬಳು ಮೈಗಂಟುವ ಲೆಗ್ಗಿಂಗ್ಸ್ ಹಾಕಿಕೊಂಡು ಬಂದಾಗ ನಮ್ಮ ಪೈಕಿ ಹಿರಿಯರೊಬ್ಬರು ಮೂಗು ಮುರಿದು "ಅಯ್ಯ, ಇವೇನ್ ಬಟ್ಟಿರೀ!" ಅಂದರು. ಅಕ್ಕೋರು ಆ ಹುಡುಗಿಯ ಹತ್ತಿರ ಹೋಗಿ, ಕಣಕಾಲಿನ ಬಳಿ ಬಟ್ಟೆಯನ್ನು ಎರಡು ಬೆರಳಲ್ಲಿ ಎಳೆದು ಬಿಟ್ಟು, "ಭಾಳ ಛಲೋ ಐತಿ. ಎಳದ್ರ ಬರತೈತಿ, ಬಿಟ್ರ ಹೋಗತೈತಿ. ಎಲ್ಲಿ ಸಿಗತಾವ್ವಾ?" ಎಂದು ಕೇಳಿದರು. ಆಮೇಲೆ ಹಿರಿಯರ ಕಡೆ ತಿರುಗಿ, "ನೀವ್ ಕಣ್ಣ ಮುಚ್ಚರಿ. ಇದು ಕಣ್ಣ ಮುಚ್ಚಿ ಮಾಡೂ ಆಸನ," ಅಂದರು. ಇನ್ನೊಮ್ಮೆ ಬುರ್ಖಾ ತೊಟ್ಟ ಎಳೆಯ ತಾಯಿಯೊಬ್ಬಳು ಬಾಗಿಲಲ್ಲೇ ನಿಂತು, ತಲೆಯ ಮೇಲಿನ ಬಟ್ಟೆ ತೆಗೆಯಲೇಬೇಕೇ ಎಂದು ಅಳುಕುತ್ತ ಕೇಳಿದಳು. "ಗರ್ದನ್ ಖುಲೀ ರಹನಾ, ಬಸ್," ಅಂದರು ಅಕ್ಕೋರು. ಕುತ್ತಿಗೆ ತಿರುಗುವಂತಿದ್ದರೆ ಸಾಕು. ಅವಳ ಸ್ಕಾರ್ಫಿನ ಎರಡು ತುದಿಗಳನ್ನು ಹಿಂದಕ್ಕೊಯ್ದು, ಬಗ್ಗಿದರೂ ಬಿಚ್ಚದ ಹಾಗೆ ತಾವೇ ಪಿನ್ ಹಾಕಿ ಕೊಟ್ಟರು.

ಇದನ್ನೆಲ್ಲ ನಾನು ಆಗಾಗ ಹೋಗಿ ಬರುವ ಸೋಮಾರಿ ಶಿಷ್ಯೆಯಾಗಿ ನೋಡಿದವಳು. ಅವರು ಯಾರೆಂದು ನನಗೆ ನಿಜವಾಗಿ ತಿಳಿದದ್ದು ಕಾಯಿಲೆ ಬಿದ್ದ ಮೇಲೆ.

ಮಗಳು ಹತ್ತನೇ ಕ್ಲಾಸಿನಲ್ಲಿದ್ದ ವರ್ಷ ನನ್ನ ಎಡ ಸ್ತನದಲ್ಲಿ ಗಂಟು ಕಾಣಿಸಿತು. ಆಪರೇಷನ್ ಮಾಡಿ ಇಡೀ ಸ್ತನವನ್ನೇ ತೆಗೆದರು. ಔಷಧ, ರೇಡಿಯೇಷನ್ ಎಲ್ಲ ಮುಗಿದು ಡಾಕ್ಟರು "ಇನ್ನು ಓಡಾಡಿ" ಅಂದ ಮೇಲೂ ನಾನು ಮನೆಯಿಂದ ಹೊರಗೆ ಕಾಲಿಡಲಿಲ್ಲ. ಎಡಗೈ ಭುಜದ ಮಟ್ಟ ದಾಟಿ ಮೇಲೆ ಹೋಗುತ್ತಿರಲಿಲ್ಲ. ಬೀರುವಿನಲ್ಲಿದ್ದ ರವಿಕೆ, ಕುರ್ತಾ ಯಾವುದನ್ನು ಹಾಕಿಕೊಂಡರೂ ಒಂದು ಕಡೆ ತುಂಬಿ, ಒಂದು ಕಡೆ ಸೊರಗಿ ನಿಲ್ಲುತ್ತಿತ್ತು. ಕನ್ನಡಿಯ ಮೇಲೆ ಟವೆಲ್ ಹಾಕಿಟ್ಟಿದ್ದೆ. ಊರಿನಿಂದ ಬಂದ ಅವ್ವ ತನ್ನ ಹಳೆಯ ವಾಯಿಲ್ ಸೀರೆ ಹರಿದು, ಒಳಗೆ ಅರಳೆ ತುಂಬಿ, ಒಂದು ಮೆತ್ತೆ ಹೊಲಿದುಕೊಟ್ಟಳು. ಹೊಲಿಯುವಾಗ ನನ್ನ ಕಡೆ ನೋಡಲಿಲ್ಲ. ಯಾರಾದರೂ ಮನೆಗೆ ಬಂದರೆ ಅದನ್ನು ಒಳಗಿಟ್ಟುಕೊಂಡು, ಮೇಲೆ ಶಾಲು ಹೊದ್ದು ಕೂರುತ್ತಿದ್ದೆ.

ಒಂದು ದಿನ ಅಕ್ಕೋರು ಬಂದರು. ಬಂದವರೇ, "ಯಾಕ ಬರವಲ್ರಿ ಕ್ಲಾಸಿಗೆ?" ಅಂದರು.

"ಹಾಕ್ಕೊಳ್ಳಾಕ ಏನೂ ಇಲ್ರಿ ಅಕ್ಕೋರ," ಅಂದೆ. ನೆಪಕ್ಕೆ ಆಡಿದ ಮಾತಲ್ಲ ಅದು, ಆ ಹೊತ್ತಿಗೆ ನನ್ನ ದುಃಖವೆಲ್ಲ ಆ ಒಂದು ಮಾತಿನಲ್ಲೇ ಇತ್ತು. ಬೇರೆ ಯಾರಾದರೂ ಆಗಿದ್ದರೆ ಸಮಾಧಾನ ಹೇಳುತ್ತಿದ್ದರು, ಧೈರ್ಯ ತುಂಬುತ್ತಿದ್ದರು. ಅಕ್ಕೋರು ತಲೆಯಾಡಿಸಿ, "ಹೌದಲ್ಲ. ಕೈ ಮ್ಯಾಲ ಹೋಗೂದಿಲ್ಲ, ತಲಿ ಮ್ಯಾಲಿಂದ ಹಾಕ್ಕೊಳ್ಳೂದು ನಡಿಯೂದಿಲ್ಲ," ಎಂದು ತಮಗೆ ತಾವೇ ಹೇಳಿಕೊಂಡು ಎದ್ದುಹೋದರು. ಮರುದಿನ ಬೆಳಿಗ್ಗೆ ತಮ್ಮನ ಹಳೆಯ ಅರ್ಧತೋಳಿನ ಅಂಗಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಒಗೆದು ಒಗೆದು ಮೆತ್ತಗಾದ ಹತ್ತಿ, ಮುಂದೆ ಗುಂಡಿ. "ಡಾಕ್ಟರ್‌ಗೆ ಕೇಳ್ರಿ, ಏನೇನ ಮಾಡಬಹುದು ಅಂತ. ಅವರು ಬ್ಯಾಡ ಅಂದದ್ದು ಮಾಡೂದು ಬ್ಯಾಡ. ಉಳದದ್ದು ಮಾಡೂಣು."

ಡಾಕ್ಟರು ನಿಧಾನವಾಗಿ ಮಾಡಿ ಅಂದರು. ಹೋದೆ. ಅಂಗಿಯೊಳಗೆ ಅವ್ವನ ಮೆತ್ತೆ ಇತ್ತು.

ಮೂರು ನಾಲ್ಕು ದಿನ ಏನೂ ಆಗಲಿಲ್ಲ. ಆಮೇಲೊಂದು ಬೆಳಿಗ್ಗೆ, ನಿಂತು ಮುಂದಕ್ಕೆ ಬಗ್ಗುವಾಗ ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡಿತು. ಮೆತ್ತೆ ಜಾರಿ ನನ್ನೆದುರಿಗೆ, ಚಾಪೆಯ ಮೇಲೆ ಬಿತ್ತು.

ಆ ಕೋಣೆಯಲ್ಲಿ ಇಪ್ಪತ್ತು ಜನ ಹೆಂಗಸರಿದ್ದರು. ಎಲ್ಲರೂ ಬಗ್ಗಿದ್ದರು, ಬಗ್ಗಿದವರಿಗೆ ನೆಲವೇ ಕಾಣುವುದು. ಪಕ್ಕದ ಚಾಪೆಯಲ್ಲಿದ್ದ ತೆಲುಗಿನಾಕೆ, ನಾವೆಲ್ಲ ಪಿನ್ನಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದವಳು, ಉಸಿರು ಎಳೆದುಕೊಂಡದ್ದು ಕೇಳಿಸಿತು. ನನಗೆ ಮೇಲೇಳಲೂ ಆಗಲಿಲ್ಲ, ಕೈ ಚಾಚಿ ಅದನ್ನು ಎತ್ತಿಕೊಳ್ಳಲೂ ಆಗಲಿಲ್ಲ. ರಕ್ತವೆಲ್ಲ ಮುಖಕ್ಕೆ ಇಳಿದು ಕಿವಿ ಗುಯ್‌ಗುಡುತ್ತಿತ್ತು. ಇದೇ ಕೊನೆ, ಇನ್ನೆಂದೂ ಈ ಬಾಗಿಲು ಹೊಗುವುದಿಲ್ಲ ಅಂದುಕೊಂಡೆ.

ಅಕ್ಕೋರ ಬರಿಗಾಲುಗಳು ನನ್ನ ಚಾಪೆಯ ಪಕ್ಕಕ್ಕೆ ಬಂದು ನಿಂತವು. "ಈಗ ಎಲ್ಲಾರೂ ಹಂಗ ಕೆಳಗ ಕುಂದರ್ರಿ, ಕುಕ್ಕರಗಾಲಿಲೆ. ಉಸಿರು ಎಣಸ್ರಿ," ಅಂದರು. ದನಿಯಲ್ಲಿ ಒಂದಿಷ್ಟೂ ಏರುಪೇರಿಲ್ಲ. ನಾನೂ ಕುಕ್ಕರುಗಾಲಿನಲ್ಲಿ ಕೂತೆ. ನನ್ನ ಹಿಮ್ಮಡಿಗಳು ಯಾವತ್ತಿನಂತೆ ನೆಲ ಮುಟ್ಟದೆ ಗಾಳಿಯಲ್ಲಿದ್ದವು. ಅವರು ಮೆತ್ತೆಯನ್ನು ಎತ್ತಿಕೊಂಡು, ಅಂಗೈಯಲ್ಲಿ ಒತ್ತಿ ದಪ್ಪ ನೋಡಿ, ನನ್ನ ಹಿಮ್ಮಡಿಗಳ ಕೆಳಗೆ ಸರಿಸಿದರು.

"ಹಾಂ. ಇದು ಇಲ್ಲಿ ಬೇಕಾಗಿತ್ತು. ಈಗ ಭಾರ ಬಿಡ್ರಿ."

ಭಾರ ಬಿಟ್ಟೆ. ಬೆನ್ನು ನೆಟ್ಟಗಾಯಿತು. ಮೊದಲ ಸಲ ಆ ಆಸನದಲ್ಲಿ ಬೀಳದೆ ಕೂತೆ. ಅವರು ಆಗಲೇ ಮುಂದಿನ ಚಾಪೆಗೆ ಹೋಗಿ ಪಿನ್ನಿಯ ಮೊಳಕಾಲು ಸರಿಮಾಡುತ್ತಿದ್ದರು. ಕ್ಲಾಸು ಮುಗಿದಾಗ ಯಾರೂ ನನ್ನ ಹತ್ತಿರ ಬಂದು ಕನಿಕರ ಪಡಲಿಲ್ಲ. ಕನಿಕರ ಪಡುವಂಥದ್ದು ಅಲ್ಲೇನೂ ನಡೆದೇ ಇಲ್ಲ ಎಂಬಂತೆ ಅಕ್ಕೋರು ಉಸಿರು ಎಣಿಸಿದ್ದರು, ಅವರ ಹಿಂದೆ ಎಲ್ಲರೂ ಎಣಿಸಿದ್ದರು. ಹೊರಡುವಾಗ ಮೆತ್ತೆಯನ್ನು ನನ್ನ ಕೈಗೆ ಕೊಟ್ಟು ಮೆಲ್ಲಗೆ ಹೇಳಿದರು: "ಇದನ್ನ ದಿನಾ ತರ್ರಿ. ಎದಿ ಮ್ಯಾಲ ಇಟಗೋತೀರೋ ಹಿಮ್ಮಡಿ ಕೆಳಗ ಇಟಗೋತೀರೋ ನಿಮಗ ಬಿಟ್ಟದ್ದು. ನಂದು ಎರಡಕ್ಕೂ ಅಡ್ಡಿ ಇಲ್ಲ."

ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಆಪರೇಷನ್ ಆದಮೇಲೆ ಅಷ್ಟು ಹಗುರಾಗಿ ಅತ್ತದ್ದು ಅದೇ ಮೊದಲು.

ಆ ವಾರವೇ ಅಕ್ಕೋರು ನನ್ನನ್ನು ಕೋಠಿಯ ಬಜಾರಿಗೆ ಕರೆದುಕೊಂಡು ಹೋದರು. ಬಸ್ಸಿನಲ್ಲಿ ನನ್ನ ಎಡಗೈಗೆ ಯಾರೂ ತಾಗದ ಹಾಗೆ ಆ ಕಡೆ ತಾವು ನಿಂತರು. ಪೈಜಾಮದ ಅಂಗಡಿಯಲ್ಲಿ ಪರದೆಯ ಹಿಂದೆ ನನ್ನನ್ನು ಕಳಿಸಿ, ಹೊರಗಿನಿಂದ ಕೂಗಿದರು: "ಕುಂತ್ರೇನ್ರಿ?"

"ಕುಂತೇನ್ರಿ."

"ಏಳಬ್ಯಾಡ್ರಿ. ಹೊಟ್ಟಿ ತುಂಬ ಉಸಿರು ತೊಗೋರಿ. ಎಲ್ಲಿ ಹಿಡಿತೈತಿ?"

"ತೊಡಿ ಹತ್ರ."

"ಬಿಚ್ಚರಿ. ಬ್ಯಾರೆ ನೋಡೂಣು."

ನಾಲ್ಕನೆಯದಕ್ಕೆ ಅಂಗಡಿಯ ಮುದುಕ ಸುಸ್ತಾದ. "ಅಮ್ಮಾ, ಆಪ್ ಕಪ್ಡಾ ಲೇರೇ ಕಿ ಇಂತಿಹಾನ್ ಲೇರೇ?" ಬಟ್ಟೆ ತಗೊಳ್ತೀರೋ, ಪರೀಕ್ಷೆ ತಗೊಳ್ತೀರೋ ಎಂದು. "ಕಪ್ಡೇ ಕಾ ಇಂತಿಹಾನ್," ಅಂದವರೇ ಅಕ್ಕೋರು ಪೈಜಾಮವೊಂದನ್ನು ತಮ್ಮದರ ಮೇಲೆಯೇ ಏರಿಸಿಕೊಂಡು, ಆ ಕಿಕ್ಕಿರಿದ ಅಂಗಡಿಯ ನಡುವೆ, ಬಟ್ಟೆಯ ಗಂಟುಗಳ ಮಧ್ಯೆ ಕುಕ್ಕರುಗಾಲಿನಲ್ಲಿ ಕೂತು, ಎರಡೂ ಕೈ ಮೇಲೆತ್ತಿದರು. ಗಿರಾಕಿಗಳೆಲ್ಲ ದಾರಿ ಬಿಟ್ಟು ನಿಂತರು. ಅವರು ಎಲ್ಲಿಯೂ ಕೈಯೂರದೆ ಹಾಗೇ ಎದ್ದು ನಿಂತಾಗ ಮುದುಕ ಅರಿವಿಲ್ಲದೆ "ವಾಹ್" ಅಂದ. ಬಟ್ಟೆಯನ್ನು ಮೈಮೇಲೆ ಹಾಕಿ, ಕೂತು, ಎದ್ದು, ಕೈ ಎತ್ತಿ ನೋಡುವ ತನಕ ಅವರು ಯಾವ ಬಟ್ಟೆಗೂ ಒಳ್ಳೆಯದು, ಕೆಟ್ಟದ್ದು ಎನ್ನುತ್ತಿರಲಿಲ್ಲ.

ಅಂಗಿ ಮಾತ್ರ ಹೊಲಿಸಬೇಕಾಯಿತು. ಹತ್ತಿರದ ಓಣಿಯ ದರ್ಜಿಗೆ ಅವರೇ ಹೇಳಿದರು: ಮುಂಭಾಗ ಒಂದರ ಮೇಲೊಂದು ಬಂದು ಪಕ್ಕದಲ್ಲಿ ಲಾಡಿ ಕಟ್ಟುವ ಹಾಗಿರಲಿ, ಕೈ ಎತ್ತದೆ ಹಾಕಿಕೊಳ್ಳಬೇಕು. ಎದೆಯ ಮೇಲೆ ನೆರಿಗೆ ಇರಲಿ. ಎಡ ಕಂಕುಳು ಸಡಿಲ, ಆ ತೋಳಿಗೆ ಬಿಗಿ ಪಟ್ಟಿ ಬೇಡ, ಬಾವು ಬರುತ್ತದೆ. ಬೋರಲು ಮಲಗಿದರೆ ಒತ್ತುವ ಗುಂಡಿ ಒಂದೂ ಬೇಡ. ನನ್ನ ಮೈಯ ಬಗ್ಗೆ, ನಾನೇ ನೋಡಲು ಹೆದರುತ್ತಿದ್ದ ಮೈಯ ಬಗ್ಗೆ, ಯಾರೋ ಇಷ್ಟು ಗಮನವಿಟ್ಟು ಯೋಚಿಸಿದ್ದಾರೆ ಎಂದು ಆ ಓಣಿಯಲ್ಲಿ ನಿಂತು ಬೆರಗಾದೆ. ದರ್ಜಿಗೆ ಕಾರಣ ಹೇಳಲಿಲ್ಲ. ಅವನು ಕೇಳಲೂ ಇಲ್ಲ.

ಆ ಅಂಗಿಯಲ್ಲಿ ನನ್ನ ಕೈ ದಿನಕ್ಕಿಷ್ಟು ಮೇಲೇರಿತು. ದೀಪಾವಳಿಯ ಹೊತ್ತಿಗೆ ಎರಡೂ ಅಂಗೈಗಳು ತಲೆಯ ಮೇಲೆ ಕೂಡಿದವು. ಅಕ್ಕೋರು ಶಭಾಷ್ ಅನ್ನಲಿಲ್ಲ. "ಮೊಣಕೈ ನೆಟ್ಟಗ," ಅಂದರು ಅಷ್ಟೆ.

ಮುಂದಿನ ಜೂನಿನಲ್ಲಿ ಯೋಗ ದಿನಾಚರಣೆ ಬಂತು. ಕಾಲೊನಿಯ ಸಂಘದ ಕಾರ್ಯದರ್ಶಿ, ನಿವೃತ್ತ ಅಧಿಕಾರಿ, ಉತ್ಸಾಹದ ಮನುಷ್ಯ, ದೊಡ್ಡ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಅಕ್ಕೋರ ಕ್ಲಾಸಿನವರೇ ಮೊದಲ ಸಾಲಿನಲ್ಲಿ ನಿಲ್ಲಬೇಕು. ಯಾರೋ ಅಂಗಡಿಯವರು ತಮ್ಮ ಹೆಸರು ಅಚ್ಚು ಹಾಕಿಸಿ ಬಿಳಿ ಟೀ ಶರ್ಟುಗಳನ್ನು ಪುಕ್ಕಟೆ ಕೊಟ್ಟಿದ್ದರು. ಎರಡು ದಿನ ಮೊದಲು ಕಾರ್ಯದರ್ಶಿ ಅವುಗಳ ಗಂಟು ತಂದು ಭವನದಲ್ಲಿ ಹಂಚಿದರು. ನನ್ನ ಕೈಗೂ ಒಂದು ಬಂತು. ತೆಳ್ಳಗಿನ, ಮೈಗೆ ಅಂಟುವ ಬಟ್ಟೆ. ಎದೆಯ ಮೇಲೆ ಅಡ್ಡಕ್ಕೆ ದೊಡ್ಡ ಅಕ್ಷರ. ನೋಡಿದ ಕೂಡಲೇ ಗೊತ್ತಾಯಿತು, ಕಾರ್ಯಕ್ರಮದ ದಿನ ನಾನು ಜ್ವರ ಅಂತ ಮಲಗಬೇಕು. ಸುಮ್ಮನೆ ಮಡಚಿ ಚೀಲಕ್ಕೆ ಹಾಕಿಕೊಂಡೆ.

ಅಕ್ಕೋರು ಒಂದು ಟೀ ಶರ್ಟನ್ನು ಬಿಡಿಸಿ ಬೆಳಕಿಗೆ ಹಿಡಿದರು. ಮತ್ತೆ ಮಡಚಿ ಕಾರ್ಯದರ್ಶಿಯ ಕೈಗಿಟ್ಟರು.

"ಯೇ ನಹೀ ಚಲ್ತಾ ಸಾಬ್. ಹಾಥ್ ಉಠಾಯೇ ತೋ ಪೇಟ್ ದಿಖ್ತಾ." ಕೈ ಎತ್ತಿದರೆ ಹೊಟ್ಟೆ ಕಾಣುತ್ತದೆ.

"ಮೇಡಮ್, ಏಕ್ ಘಂಟೇ ಕೀ ಬಾತ್ ಹೈ," ಅಂದರು ಅವರು ನಗುತ್ತ.

"ಓ ಏಕ್ ಘಂಟಾ ಹಾಥ್ ಊಪರ್‌ಚ್ ರಹತಾ." ಆ ಒಂದು ಗಂಟೆಯೂ ಕೈ ಮೇಲೆಯೇ ಇರುತ್ತದೆ.

ಬಟ್ಟೆಯ ವಿಷಯದಲ್ಲಿ ಅಕ್ಕೋರು ಹೇಳಿದ ಮೇಲೆ ನಮ್ಮಲ್ಲಿ ಎರಡು ಮಾತಿರಲಿಲ್ಲ. ಪಿನ್ನಿ ಎದ್ದು "ಟೀಚರಮ್ಮ ಚೆಪ್ತೇ ಅಂತೇ," ಟೀಚರಮ್ಮ ಹೇಳಿದರೆ ಮುಗಿಯಿತು, ಎಂದು ತನ್ನದನ್ನು ಮೊದಲು ವಾಪಸ್ಸು ಇಟ್ಟಳು. ಒಬ್ಬೊಬ್ಬರಾಗಿ ಎಲ್ಲರೂ ಇಟ್ಟರು. ಕಾರ್ಯದರ್ಶಿಯ ಮುಖದ ನಗು ಹೋಯಿತು. ಅಂಗಡಿಯವರಿಗೆ ಮಾತು ಕೊಟ್ಟಿದ್ದೇನೆ, ಫೋಟೋದಲ್ಲಿ ಹೆಸರು ಬರಬೇಕು, ಇಲ್ಲದಿದ್ದರೆ ಮುಂದಿನ ಸಾಲು ನಿಮಗಿಲ್ಲ ಅಂದರು. ಹಿಂದಿನ ಸಾಲಿನಲ್ಲಿ ನಿಲ್ಲುತ್ತೇವೆ ಅಂದರು ಅಕ್ಕೋರು. ಭವನ ಸಂಘದ್ದು, ನೆನಪಿರಲಿ ಅಂದರು ಅವರು. "ಮಾಲೂಮ್ ಸಾಬ್," ಗೊತ್ತು ಎಂದು ಕೈ ಮುಗಿದರು ಇವರು.

ಭವನ ಹೋಯಿತು. ಮೊದಲು ರಿಪೇರಿ ಅಂತ ಬೀಗ ಬಿತ್ತು, ಆಮೇಲೆ ಆ ಹೊತ್ತಿಗೆ ಅಲ್ಲಿ ಡಾನ್ಸ್ ಕ್ಲಾಸು ಶುರುವಾಯಿತು. ಅಕ್ಕೋರು ನಮ್ಮನ್ನು ಕಟ್ಟಡದ ಟೆರೇಸಿಗೆ ಕರೆದುಕೊಂಡು ಹೋದರು. ಎಪ್ಪತ್ತರ ಹತ್ತಿರದ ಹೆಂಗಸು ದಿನಾ ನಾಲ್ಕು ಮಹಡಿ ಹತ್ತಿ, ನೀರಿನ ಟ್ಯಾಂಕುಗಳ ನಡುವಿನ ಜಾಗ ತಾವೇ ಗುಡಿಸಿ ಕಾಯುತ್ತಿದ್ದರು. ಬೇಸಿಗೆಯಲ್ಲಿ ಏಳು ಗಂಟೆಗೇ ನೆಲ ಸುಡುತ್ತಿತ್ತು. ಮಳೆ ಬಂದರೆ ಕ್ಲಾಸಿಲ್ಲ. ಮೊಳಕಾಲು ನೋವಿನವರು ಬರುವುದು ಬಿಟ್ಟರು. ಅವರನ್ನು ಕಳೆದುಕೊಂಡದ್ದು ಅಕ್ಕೋರಿಗೆ ಬಹಳ ನೋವು ಕೊಟ್ಟಿತ್ತು. ಅವರ ಮನೆಗಳಿಗೆ ತಾವೇ ಹೋಗಿ ಕುರ್ಚಿಯ ಮೇಲೆ ಕೂರಿಸಿ ಮಾಡಿಸಿ ಬರುತ್ತಿದ್ದರು.

ಒಂದು ಬೆಳಿಗ್ಗೆ ಇಬ್ಬರೇ ಟೆರೇಸಿನ ಮಳೆನೀರು ತಳ್ಳುತ್ತಿದ್ದಾಗ ಕೇಳಿದೆ: "ಅಕ್ಕೋರ, ಖರೇ ಹೇಳ್ರಿ. ಹಾಲ್ ಹೋಗಿದ್ದು ನನ್ನ ಸಲುವಾಗಿ ಏನ್ರಿ?"

ಪೊರಕೆ ನಿಲ್ಲಿಸದೆ ಹೇಳಿದರು: "ನಿಮ್ಮ ಸಲುವಾಗಿ ಯಾಕ್ರಿ? ಅಂಗಿ ಗಿಡ್ಡ ಇತ್ತು. ಹೊಟ್ಟಿ ಕಾಣತಿತ್ತು ಅಂತ ಎಲ್ಲಾರ ಮುಂದ ಹೇಳಲಿಲ್ಲೇನು? ಆ ಮೂಲ್ಯಾಗ ನೀರ ನಿಂತಾವ ನೋಡ್ರಿ, ತಳ್ರಿ."

ನಂಬಿದೆ. ಹಗುರವೂ ಆಯಿತು. ಆಮೇಲೆ ತಮ್ಮ ನಿವೃತ್ತರಾದಾಗ ಅವರೂ ಬಾಗಲಕೋಟೆಗೆ ಹೊರಟರು. ಹೋಗುವ ದಿನದ ಬೆಳಿಗ್ಗೆಯೂ ಕ್ಲಾಸು ತಪ್ಪಿಸಲಿಲ್ಲ. ಬೀಳ್ಕೊಡುವ ಭಾಷಣಕ್ಕೆ ಪಿನ್ನಿ ಎದ್ದು ನಿಂತರೆ, "ಶವಾಸನದಾಗ ಮಾತಾಡಬಾರದು," ಎಂದು ಮಲಗಿಸಿದರು.

ಸಾವಿನ ಸುದ್ದಿ ಬಂದ ವಾರ ಮಗಳು ರಜೆಗೆ ಮನೆಗೆ ಬಂದಿದ್ದಳು. ಈಗ ಅವಳು ನನಗಿಂತ ಒಂದು ತಲೆ ಎತ್ತರ, ಅಕ್ಕೋರಿಗಿಂತಲೂ ಎತ್ತರ. ಅಟ್ಟ ಸ್ವಚ್ಛ ಮಾಡುತ್ತೇನೆ, ಧೂಳಿಗೆ ಆಗುವ ಹಳೆಯ ಅಂಗಿ ಯಾವುದಾದರೂ ಇದೆಯಾ ಎಂದು ಬೀರು ಹುಡುಕಿ, ಏನೋ ಒಂದನ್ನು ಹಾಕಿಕೊಂಡು ಸ್ಟೂಲಿನ ಮೇಲೆ ನಿಂತಳು. ನಾನು ಅಡುಗೆಮನೆಯಿಂದ ಬಂದಾಗ ಎರಡೂ ಕೈ ಎತ್ತಿ ಹಿತ್ತಾಳೆಯ ಪಾತ್ರೆಯೊಂದನ್ನು ಇಳಿಸುತ್ತಿದ್ದಳು. ಎದೆಯ ಮೇಲೆ ಯೋಗ ದಿನಕ್ಕೆ ಟೀ ಶರ್ಟು ಕೊಟ್ಟ ಆ ಅಂಗಡಿಯ ಹೆಸರಿತ್ತು. ಅವತ್ತಿನ ಗಲಾಟೆಯಲ್ಲಿ ನನ್ನ ಚೀಲದೊಳಗಿದ್ದದ್ದು ವಾಪಸ್ಸು ಹೋಗಿರಲೇ ಇಲ್ಲ.

ಪಾತ್ರೆಯನ್ನು ಅವಳ ಕೈಯಿಂದ ತೆಗೆದು ಕೆಳಗಿಟ್ಟೆ.

"ಯಾಕಮ್ಮ, ಹಂಗ್ಯಾಕ ನೋಡಾಕತ್ತಿ?"

"ಏನಿಲ್ಲವಾ. ಇನ್ನೊಮ್ಮೆ ಕೈ ಎತ್ತು."

"ಯಾಕ?"

"ಎತ್ತು. ಎಷ್ಟ ಮ್ಯಾಲ ಹೋಗತಾವೋ ಅಷ್ಟು."

ಮಗಳು ನಗುತ್ತ ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತು ಎರಡೂ ಕೈ ಸೂರಿನ ಕಡೆ ಚಾಚಿದಳು. ಹೊಟ್ಟೆ ಕಾಣಲಿಲ್ಲ. ಅಂಗಿಯ ಅಂಚು ಅವಳ ಸೊಂಟದಿಂದ ಒಂದು ಗೇಣು ಕೆಳಗೇ ಇತ್ತು.